ನಿಧಿನಕ್ಷೆಗೆ ಹಳತನದ ಬಣ್ಣ
ಕಡಲ್ಗಳ್ಳರ ನಿಧಿನಕ್ಷೆಯ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು ಮುಖ್ಯವಾಗಿ 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನರ ‘ಟ್ರೆಷರ್ ಐಲೆಂಡ್’ ಕಾದಂಬರಿ. ಅಂಥ ನಕ್ಷೆಯನ್ನು ಮಕ್ಕಳೊಡನೆ ತಯಾರಿಸಹೊರಟವರು ಬಣ್ಣ ಹೀರದ ಹೊಳಪಿನ ಕಾಗದವನ್ನು ಬಿಟ್ಟು ದಪ್ಪ ಡ್ರಾಯಿಂಗ್ ಹಾಳೆಯನ್ನೇ ಆರಿಸಿಕೊಳ್ಳಬೇಕು. ಅದನ್ನು ಹಾಲು, ಸಕ್ಕರೆ ಬೆರೆಸದ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದರೆ, ಅದರಲ್ಲಿರುವ ಟ್ಯಾನಿನ್, ಅಂದರೆ ಚಹಾಕ್ಕೆ ಒಗರು ಕೊಡುವ ಸಸ್ಯಜನ್ಯ ವಸ್ತು, ಕಾಗದದ ನಾರಿಗೆ ಅಂಟಿಕೊಂಡು ಕಂದು ಛಾಯೆ ತರುತ್ತದೆ. ಹಾಳೆಯನ್ನು ಮೊದಲೇ ಮುದುಡಿ ಬಿಡಿಸಿದ್ದರೆ ಮಡಿಕೆಗಳಲ್ಲಿ ನಾರು ಸಡಿಲಗೊಂಡು ಬಣ್ಣ ಹೆಚ್ಚು ಇಳಿಯುತ್ತದೆ, ಹಳತನದ ನಿಜವಾದ ಸೊಗಸು ಇರುವುದು ಆ ಗೆರೆಗಳಲ್ಲೇ. ಸಾಮಾನ್ಯ ಪೆನ್ನಿನ ಶಾಯಿ ಒದ್ದೆಯಲ್ಲಿ ಹರಡುವುದರಿಂದ, ಹಾಳೆ ಪೂರ್ತಿ ಒಣಗಿದ ನಂತರವೇ ದ್ವೀಪ, ದಿಕ್ಕುಗಳನ್ನು ಬರೆಯುವುದು ಒಳಿತು. ಅಂಚನ್ನು ಮೇಣದಬತ್ತಿಯಿಂದ ಸುಡುವ ರೂಢಿ ಮಕ್ಕಳ ಕೈಗೆ ಖಂಡಿತ ತಕ್ಕುದಲ್ಲ. ಬೆರಳಿನಿಂದ ಹರಿದ ಅಂಚಿಗೆ ಡಿಕಾಕ್ಷನ್ನನ್ನೇ ಮತ್ತೊಮ್ಮೆ ಕುಂಚದಿಂದ ಸವರಿದರೆ ಸಾಕು.