ಪದರುಕಲ್ಲಿನ ಸಾಕ್ಷಿ

ನಮ್ಮ ಸೀಮೆಯಲ್ಲಿ ಬಾವಿ ತೋಡುವವರೂ ಕಲ್ಲು ಕಡಿಯುವವರೂ ಬಹಳ ಮಂದಿ ಉಂಟು. ಆದರೂ ಗಟ್ಟಿಕಲ್ಲಿನೊಳಗೆ ಚಿಪ್ಪಾಗಲಿ ಎಲುಬಾಗಲಿ ಸಿಕ್ಕಿತೆಂದು ಅವರು ಹೇಳುವದನ್ನು ನಾವು ಕೇಳಲಿಲ್ಲ. ಬಡಗಣ ಸೀಮೆಯಲ್ಲಾದರೋ ಪೂರ್ವಕಾಲದ ಜೀವಿಗಳ ಗುರುತುಗಳು ಸಿಕ್ಕಿರುತ್ತವೆ. ಈ ಭೇದವು ಯಾಕೆ? ಇದನ್ನು ಕ್ರಮವಾಗಿ ವಿಚಾರಿಸೋಣ.

೧. ನಮ್ಮ ಕಲ್ಲುಗಳು. ೧೪೩೨ರಲ್ಲಿ ಕಾರ್ಕಳದಲ್ಲಿ ನಿಲ್ಲಿಸಲ್ಪಟ್ಟ ಗೋಮಟನ ವಿಗ್ರಹವು ಕಗ್ಗಲ್ಲಿನದು. ಅಂಥ ಕಲ್ಲು ಭೂಗರ್ಭದ ಮಹಾ ತಾಪದಲ್ಲಿ ಹುಟ್ಟಿದ್ದು. ಮಲ್ಪೆಗೆ ಎದುರಾದ ಸೈಂಟ್ ಮೇರಿ ದ್ವೀಪಗಳ ಕಂಬಗಳು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲಿದ ಕಾಲದಲ್ಲಿ, ಉಕ್ಕಿಬಂದ ಬೆಂಕಿರಸವು ತಣಿದು ಬಿರಿದದ್ದರಿಂದ ಆದವು. ಮಣಿಪಾಲದ ಮುರಕಲ್ಲು ಹಳೇ ಬಂಡೆಯು ಮಳೆಬಿಸಿಲುಗಳಿಂದ ಕೊಳೆತು ಕಬ್ಬಿಣದ ಅಂಶವುಳಿದು ಗಟ್ಟಿಯಾದದ್ದು. ಬೆಂಕಿಯಲ್ಲಿ ಹುಟ್ಟಿದ್ದರಲ್ಲಿ ಚಿಪ್ಪು ಉಳಿಯದು. ಕೊಳೆತದ್ದರಲ್ಲಿ ಗುರುತು ಅಳಿದುಹೋಗುವದು.

೨. ಪದರುಕಲ್ಲುಗಳು. ಒಣಗಲಿಟ್ಟ ಹಸಿಹಂಚಿನ ಮೇಲೆ ನಾಯಿಯು ಕಾಲಿಟ್ಟರೆ, ಆವಿಗೆಯಲ್ಲಿ ಬೆಂದ ಮೇಲೆಯೂ ಆ ಹೆಜ್ಜೆ ಇರುವದಷ್ಟೆ? ಹಾಗೆಯೇ ನೀರು ತಂದಿಟ್ಟ ಕೆಸರಿನಲ್ಲಿ ಹೂತ ಚಿಪ್ಪೂ ಎಲುಬೂ ಮೇಲಣ ಪದರುಗಳ ಭಾರದಿಂದ ಕೆಸರು ಕಲ್ಲಾಗುವಾಗ ಉಳಿಯಬಹುದು. ಕಾಪುವಿನ ಕಡಲತಡಿಯಲ್ಲಿ ಇಳಿತದ ಹೊತ್ತಿಗೆ ಹೊಯಿಗೆಯ ಮೇಲೆ ಅಲೆಗಳ ಗೆರೆಗಳನ್ನು ನೀವು ಕಂಡಿದ್ದೀರಿ. ಅಂಥವೇ ಗೆರೆಗಳು ಕಡಲಿಗೆ ದೂರವಾದ ಬಾದಾಮಿ ಬಾಗಲಕೋಟೆಗಳ ಮರಳುಗಲ್ಲಿನಲ್ಲಿ ಇರುತ್ತವೆ. ಆದದರಿಂದ ಅಲ್ಲಿ ಒಂದು ಕಾಲಕ್ಕೆ ನೀರು ಆಡಿತ್ತೆಂದು ತಿಳಿಯುವದು. ಬಾಗಲಕೋಟೆಯ ಕಡೆಯ ಕಲ್ಲುಗಳು ಎಲುಬಿನ ಪ್ರಾಣಿಗಳು ಹುಟ್ಟುವದಕ್ಕಿಂತ ಬಹು ಮುಂಚಿನವು. ಅಲ್ಲಿಯ ಸುಣ್ಣದ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕಟ್ಟಿದ ಸುರುಳಿಪದರುಗಳು ಮಾತ್ರ ಕಾಣುತ್ತವೆ. ಇವಕ್ಕೆ ಸ್ಟ್ರೊಮೆಟೊಲೈಟ್ ಎಂದು ಹೆಸರು.

೩. ಶೋಧಕನ ಕೆಲಸ. ರಾಬರ್ಟ್ ಬ್ರೂಸ್ ಫೂಟ್ ಎಂಬವರು ೧೮೫೮ರಲ್ಲಿ ಭೂಶೋಧನೆಯ ಇಲಾಖೆಗೆ ಸೇರಿ ಆ ಸೀಮೆಯನ್ನೆಲ್ಲಾ ತಿರುಗಿದರು. ಯಾವ ಪದರು ಕೆಳಗೆ, ಯಾವದು ಮೇಲೆ, ಯಾವ ದಿಕ್ಕಿಗೆ ಇಳಿಜಾರು ಎಂಬದನ್ನು ಬರೆದಿಡುವದೇ ಈ ಕೆಲಸದ ಮೂಲ. ಯಾಕಂದರೆ ಪದರುಗಳು ಮಗುಚದೆ ಇದ್ದರೆ ಕೆಳಗಿನದೇ ಹಳೆಯದು. ಗೋಕಾಕದ ಸಮೀಪದಲ್ಲಿ ಹಳ್ಳದ ದಡದ ಮಣ್ಣಿನಲ್ಲಿ ಸಿಕ್ಕಿದ ಎಲುಬುಗಳನ್ನು ಪರೀಕ್ಷಿಸಿ, ಅವು ಖಡ್ಗಮೃಗದವೆಂದು ೧೮೭೪ರಲ್ಲಿ ಅವರು ಪ್ರಕಟಿಸಿದರು. ಈಗ ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕಾದರೆ ಅಸ್ಸಾಮಿನಂಥ ದೂರದೇಶಕ್ಕೆ ಹೋಗಬೇಕು. ಆ ಒಣಸೀಮೆಯಲ್ಲಿ ಪೂರ್ವದಲ್ಲಿ ಹುಲ್ಲೂ ನೀರೂ ಸಮೃದ್ಧಿಯಾಗಿದ್ದಿರಬೇಕೆಂಬದಕ್ಕೆ ಆ ಎಲುಬುಗಳೇ ಸಾಕ್ಷಿ.

೪. ನಮಗೆ ಬುದ್ಧಿ. ಹಳ್ಳದ ದಡದಲ್ಲಿ ದೊಡ್ಡ ಎಲುಬು ಕಂಡರೆ ರಾಕ್ಷಸನದೆಂದು ಹೆದರಿ ಒಡೆಯಬಾರದು. ನಿಧಿಯ ಆಶೆಯಿಂದ ಅಗೆಯಲೂ ಬಾರದು. ಒಡೆದ ಸಾಕ್ಷಿಗೆ ಎರಡನೇ ಪ್ರತಿ ಇಲ್ಲ. ಇದ್ದ ಸ್ಥಳದಿಂದ ಕಿತ್ತ ಎಲುಬು, ಸಾಲು ತಪ್ಪಿಸಿ ಹರಿದ ಪುಸ್ತಕದ ಹಾಳೆಯ ಹಾಗೆ, ಅರ್ಧ ಮೂಕವಾಗುವದು. ಆದದರಿಂದ ಕೂಲಿಗಾಗಿ ಘಟ್ಟದ ಮೇಲೆ ಹೋಗುವ ನಮ್ಮ ಯೌವನಸ್ಥರು ಅಂಥದ್ದನ್ನು ಕಂಡರೆ ಗುದ್ದಲಿಯನ್ನು ನಿಲ್ಲಿಸಿ, ಸ್ಥಳವನ್ನು ಗುರುತಿಟ್ಟು, ಶಾಲೆಯ ಉಪಾಧ್ಯಾಯರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಲಿ. ದ್ವೀಪಕ್ಕೆ ಹೋದವರು ಅಲ್ಲಿಯ ಕಲ್ಲಿನ ತುಂಡನ್ನೂ ತರದಿರಲಿ.

ಪ್ರಶ್ನೆಗಳು: ಮುರಕಲ್ಲಿನಲ್ಲಿ ಜೀವಿಗಳ ಗುರುತು ಯಾಕೆ ಉಳಿಯದು? ಮರಳುಗಲ್ಲಿನ ಗೆರೆಗಳಿಂದ ಏನು ತಿಳಿಯುವದು? ಎಲುಬು ಇದ್ದ ಸ್ಥಳವನ್ನು ಯಾಕೆ ಗುರುತಿಡಬೇಕು?