ಹನ್ನೆರಡನೇ ವರ್ಷದ ಕಾರನ್ನು ಈಗಲೇ ಆರಿಸು

ಸಕಲೇಶಪುರ

ಪ್ರೀತಿಯ ಪುಟ್ಟಿ,

ಮಧ್ಯಮ ಗಾತ್ರದ ಎಸ್‌ಯುವಿ ಕೊಳ್ಳಬೇಕು, ಕೊಂಡ ಮೇಲೆ ಹನ್ನೆರಡು ಹದಿನೈದು ವರ್ಷ ಅದನ್ನೇ ಇಟ್ಟುಕೊಳ್ಳಬೇಕು, ಯಾವುದು ಒಳ್ಳೆಯದು ದೊಡ್ಡಪ್ಪ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು. ನಿನ್ನ ಓರಗೆಯ ಎಷ್ಟೋ ಮಂದಿ ಇದೇ ಪ್ರಶ್ನೆ ಹೊತ್ತು ಷೋರೂಂ ಸುತ್ತುತ್ತಿರುವುದರಿಂದ ಎಲ್ಲರಿಗೂ ಉಪಯೋಗವಾಗಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಬಹುಕಾಲ ಇಟ್ಟುಕೊಳ್ಳುತ್ತೇನೆ ಎಂದೆಯಲ್ಲ, ಆ ಮಾತು ನನಗೆ ತುಂಬ ಹಿಡಿಸಿತು. ನಮ್ಮ ರಾಜ್ಯದಲ್ಲಿ ಪದೇ ಪದೇ ಕಾರು ಬದಲಿಸುವುದು ದುಬಾರಿ ಚಾಳಿ. ನಾಲ್ಕು ಮೀಟರ್ ಮೀರಿದ ಈ ಗಾತ್ರದ ಎಸ್‌ಯುವಿಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ 40% ಜಿಎಸ್‌ಟಿ ಇದೆ. ಅದೆಲ್ಲ ಸೇರಿದ ಬೆಲೆಯ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ: 10ರಿಂದ 20 ಲಕ್ಷದೊಳಗಿನ ಕಾರಿಗೆ 17%, 20 ಲಕ್ಷ ದಾಟಿದರೆ 18%, ಅದರ ಮೇಲೆ ಸೆಸ್. 15 ಲಕ್ಷದ ಕಾರಿಗೆ ಸೆಸ್ ಬಿಟ್ಟು ತೆರಿಗೆಯೇ 2.55 ಲಕ್ಷ ರೂಪಾಯಿ ಆಗುತ್ತದೆ. ಐದೈದು ವರ್ಷಕ್ಕೆ ಬದಲಿಸುತ್ತಾ ಹೋದವರು ಹದಿನೈದು ವರ್ಷದಲ್ಲಿ ಇದನ್ನು ಮೂರು ಸಲ ಕಟ್ಟುತ್ತಾರೆ. ಒಂದೇ ಕಾರು ಇಟ್ಟುಕೊಂಡವರು ಒಮ್ಮೆ ಕಟ್ಟಿ ಸುಮ್ಮನಿರುತ್ತಾರೆ. ಹದಿನೈದು ವರ್ಷವಾದ ಮೇಲೂ ಎಫ್‌ಸಿ ಮಾಡಿಸಿದರೆ ನೋಂದಣಿ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. ದೆಹಲಿ ಸುತ್ತಮುತ್ತಲಿನವರಿಗೆ ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಎಂಬ ಮಿತಿಯ ತಲೆನೋವು ಬಂದಿತು. ನಮಗೆ ಅಂಥ ಗಡುವಿಲ್ಲ. ಕಾರು ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಷೋರೂಮಿನಲ್ಲಿ ತೋರಿಸುವುದೆಲ್ಲ ಮೊದಲ ವರ್ಷದ ಕಾರು. ನೀನು ಕೊಳ್ಳಬೇಕಾದದ್ದು ಹನ್ನೆರಡನೇ ವರ್ಷದ ಕಾರು. ಆಗ ವಾರಂಟಿ ಮುಗಿದಿರುತ್ತದೆ, ಪರದೆಗಳು ಮಸುಕಾಗಿರುತ್ತವೆ, ನಿನ್ನ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ. ಆವತ್ತು ಅದನ್ನು ರಿಪೇರಿ ಮಾಡುವ ಕೈ ಊರಲ್ಲಿ ಇರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ, ಸಿಕ್ಕರೆ ಅದರ ಬೆಲೆ ತಡೆದುಕೊಳ್ಳುವಂತಿರುತ್ತದೆಯೇ? ಪ್ರತಿಯೊಂದನ್ನೂ ಈ ಮೂರು ಪ್ರಶ್ನೆ ಇಟ್ಟುಕೊಂಡೇ ನೋಡು. ಹಸು ಕೊಳ್ಳಲು ಹೋದವರು ಕೊಂಬಿಗೆ ಹಚ್ಚಿದ ಬಣ್ಣ ನೋಡುವುದಿಲ್ಲ, ಕೆಚ್ಚಲು ನೋಡುತ್ತಾರೆ.

ಮೊದಲು ಇಂಧನದ ವಿಷಯ. ನಿನ್ನ ಓಡಾಟ ನನಗೆ ಗೊತ್ತು: ವಾರವಿಡೀ ಬೆಂಗಳೂರಿನ ಟ್ರಾಫಿಕ್, ತಿಂಗಳಿಗೊಮ್ಮೆ ಇಲ್ಲಿಗೆ ಬರುವುದು, ವರ್ಷಕ್ಕೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಮಂಗಳೂರು. ಇಂಥವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಕೂತಿದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಅದು ಚೆನ್ನಾಗಿ ಕಾಯಬೇಕು. ಹಾಗೆ ಕಾಯಬೇಕಾದರೆ ಕಾರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್ ತೆವಳುವ ಕಾರಿನಲ್ಲಿ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಆ ದೀಪವನ್ನು ಕಡೆಗಣಿಸುತ್ತಾ ಹೋದರೆ ಖರ್ಚು ದೊಡ್ಡದು. ಹಾಸನಕ್ಕೂ ಹುಬ್ಬಳ್ಳಿಗೂ ದಿನಾ ಓಡಾಡುವವರಿಗೆ ಡೀಸೆಲ್ ಇವತ್ತಿಗೂ ಚಿನ್ನ. ನಿನಗೆ ಪೆಟ್ರೋಲ್ ಸಾಕು. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಯಾರಾದರೂ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ 2023ರ ಏಪ್ರಿಲ್ ನಂತರ ತಯಾರಾದದ್ದನ್ನೇ ಹುಡುಕಲಿ, ಅವನ್ನು ಈ ಪೆಟ್ರೋಲ್‌ಗೆ ಒಗ್ಗುವಂತೆಯೇ ಮಾಡಿರುತ್ತಾರೆ.

ಪೆಟ್ರೋಲಿನಲ್ಲೂ ಟರ್ಬೊ ಇರುವುದು, ಇಲ್ಲದ್ದು ಎಂದು ಎರಡು ಬಗೆ. ಟರ್ಬೊ ಇದ್ದರೆ ಘಾಟಿ ಹತ್ತುವಾಗ ಖುಷಿ. ಆದರೆ ಶಾಖ ಹೆಚ್ಚು, ಭಾಗಗಳು ಹೆಚ್ಚು, ಎಂಜಿನ್ ಆಯಿಲ್ ಬದಲಿಸುವುದು ತಡವಾದರೆ ಅದು ಕ್ಷಮಿಸುವುದಿಲ್ಲ. ಟರ್ಬೊ ಇಲ್ಲದ 1.5 ಲೀಟರ್ ಎಂಜಿನ್ ಓವರ್‌ಟೇಕ್ ಮಾಡುವಾಗ ಸ್ವಲ್ಪ ತಾಳ್ಮೆ ಬೇಡುತ್ತದೆ. ಹದಿನೈದು ವರ್ಷದ ಲೆಕ್ಕದಲ್ಲಿ ಆ ತಾಳ್ಮೆಗೆ ಬೆಲೆಯಿದೆ. ಎಂಜಿನ್ ಒಳಗಿರುವುದು ಟೈಮಿಂಗ್ ಚೈನೋ ಬೆಲ್ಟೋ ಎಂದೂ ಕೇಳು. ಬೆಲ್ಟ್ ಆದರೆ ಕೈಪಿಡಿ ಹೇಳಿದ ಹೊತ್ತಿಗೆ ಬದಲಿಸಲೇಬೇಕು. ಓಡುತ್ತಿರುವಾಗ ಅದು ತುಂಡಾದರೆ ಎಂಜಿನ್ನೇ ಹೋಗಬಹುದು.

ಕಾರಿನ ಆಯುಷ್ಯ ನಿರ್ಧರಿಸುವ ಇನ್ನೊಂದು ಭಾಗ ಗೇರ್‌ಬಾಕ್ಸ್. ಮ್ಯಾನುಯಲ್‌ಗೆ ಸಾಟಿಯಿಲ್ಲ, ಯಾವ ಊರಿನ ಗ್ಯಾರೇಜಿನಲ್ಲೂ ಕ್ಲಚ್ ಬದಲಿಸಿಕೊಡುತ್ತಾರೆ. ಆದರೆ ಸಿಲ್ಕ್ ಬೋರ್ಡ್ ದಾಟಿ ದಿನಾ ಓಡಾಡುವ ನಿನ್ನ ಎಡಗಾಲಿನ ಕಷ್ಟವೂ ನನಗೆ ಅರ್ಥವಾಗುತ್ತದೆ. ಆಟೊಮ್ಯಾಟಿಕ್ ಬೇಕೆಂದರೆ ಅದು ಯಾವ ಬಗೆಯದು ಎಂದು ಕೇಳದೆ ಮುಂಗಡ ಕೊಡಬೇಡ. ಸೇಲ್ಸ್‌ನವರು ಎಲ್ಲವನ್ನೂ ಆಟೊಮ್ಯಾಟಿಕ್ ಎಂದೇ ಕರೆಯುತ್ತಾರೆ, ಒಳಗಿನ ಯಂತ್ರ ಬೇರೆ ಬೇರೆ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಬಲ ಆಯಿಲ್ ಮೂಲಕ ದಾಟುತ್ತದೆ. ಟ್ರಾಫಿಕ್‌ನಲ್ಲಿ ನಿಂತು ಹೊರಡುವಾಗ ಸವೆಯುವ ಕ್ಲಚ್ ಅಲ್ಲಿಲ್ಲ. ಹಳೆಯ ವಿದ್ಯೆ, ಗಟ್ಟಿ ವಿದ್ಯೆ. ಸಿವಿಟಿಯಲ್ಲಿ ಎರಡು ಪುಲ್ಲಿಗಳ ನಡುವೆ ಬೆಲ್ಟೋ ಚೈನೋ ಸರಿದಾಡುತ್ತದೆ. ಘಾಟಿಯಲ್ಲಿ ಒತ್ತಿ ಓಡಿಸಿದರೆ ಎಂಜಿನ್ ಗುಂಯ್‌ಗುಡುತ್ತದೆ, ಊರೊಳಗೆ ಬಹಳ ಹಿತ. ಅದರ ಆಯಿಲ್ಲನ್ನು ಹೊತ್ತು ಹೊತ್ತಿಗೆ ಬದಲಿಸಿದವರು ನೆಮ್ಮದಿಯಾಗಿದ್ದಾರೆ. ಡಿಸಿಟಿ ಎಂಬುದರಲ್ಲಿ ಎರಡು ಕ್ಲಚ್ ಇರುತ್ತವೆ. ಖಾಲಿ ರಸ್ತೆಯಲ್ಲಿ ಅದರಷ್ಟು ಚುರುಕು ಬೇರೆಯದಿಲ್ಲ. ಆದರೆ ಡ್ರೈ ಕ್ಲಚ್ ಡಿಸಿಟಿ ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ, ಸವೆಯುತ್ತದೆ. ವಾರಂಟಿ ಮುಗಿದ ಮೇಲೆ ಅದನ್ನು ಬಿಚ್ಚಿ ಜೋಡಿಸಬಲ್ಲವರು ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಬಹುಕಾಲ ಇಟ್ಟುಕೊಳ್ಳುವವರಿಗೆ, ಅದರಲ್ಲೂ ಬೆಂಗಳೂರಿನವರಿಗೆ, ನಾನು ಅದನ್ನು ಹೇಳುವುದಿಲ್ಲ.

ಇನ್ನು ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಎಂದರೆ ಬ್ಯಾಟರಿ ಕೈಕೊಡುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಇದೆ. ಟೊಯೊಟಾ ಈ ವಿದ್ಯೆಯನ್ನು 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರಿನೊಂದಿಗೆ ಶುರುಮಾಡಿತು. ನಮ್ಮ ಬಿಡದಿಯಲ್ಲೇ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಿಸಿದ್ದಾರೆ. 2022ರಲ್ಲಿ ಬಂದ ಹೈರೈಡರ್, ಅದರ ಜೋಡಿಯಾದ ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾದವು. ಅವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿ ಸಾಮಾನ್ಯ ಕಾರಿನ ಕ್ಲಚ್ ಇಲ್ಲ, ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಎರಡು ವಿದ್ಯುತ್ ಮೋಟಾರ್‌ಗಳೂ ಒಂದು ಹಲ್ಲುಚಕ್ರದ ಜೋಡಣೆಯೂ ಸೇರಿ ಎಲ್ಲ ಕೆಲಸ ಮಾಡುತ್ತವೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಬ್ಯಾಟರಿ ಕೂತ ಕಾರಣ ಡಿಕ್ಕಿಯಲ್ಲಿ ಜಾಗ ಕಡಿಮೆ. ಊರಿಗೆ ಬಂದು ಹೋಗುವಾಗ ಅಕ್ಕಿ, ತೆಂಗಿನಕಾಯಿ, ಹಲಸಿನ ಹಣ್ಣು ತುಂಬುವ ನಮ್ಮಂಥವರು ಇದನ್ನು ನೋಡಿಯೇ ತೀರ್ಮಾನಿಸಬೇಕು.

ಕಾರು ಎಷ್ಟೇ ಚೆನ್ನಾಗಿರಲಿ, ಮಾಡಿದ ಕಂಪನಿ ಇಲ್ಲಿ ಉಳಿಯಬೇಕು. ಜನರಲ್ ಮೋಟರ್ಸ್ 2017ರಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದ ತಯಾರಿಕೆಗೆ ತೆರೆ ಎಳೆಯುವುದಾಗಿ ಹೇಳಿತು. ಕಾರುಗಳಲ್ಲಿ ದೋಷವಿತ್ತು ಎಂದಲ್ಲ. ಫೋರ್ಡ್‌ನ ಇಕೊಸ್ಪೋರ್ಟ್ ಓಡಿಸುವವರು ಇವತ್ತಿಗೂ ಅದನ್ನು ಮೆಚ್ಚುತ್ತಾರೆ. ಆದರೆ ಮಾರಲು ಹೋದರೆ ಬೆಲೆ ಇಳಿಯುತ್ತದೆ, ಹತ್ತಿರದ ಸರ್ವಿಸ್ ಸೆಂಟರ್ ಮುಚ್ಚುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಮಾತ್ರವಲ್ಲ, ಹಾಸನದಲ್ಲೂ ಮಂಗಳೂರಿನಲ್ಲೂ ಸರ್ವಿಸ್ ಸೆಂಟರ್ ಇರುವ ಕಂಪನಿಯನ್ನೇ ಹಿಡಿ. ಕೊಳ್ಳುವ ಮುಂಚೆ ಒಂದು ಶನಿವಾರ ಬೆಳಗ್ಗೆ ಆ ಸರ್ವಿಸ್ ಸೆಂಟರ್‌ಗೆ ಹೋಗಿ ಅರ್ಧ ಗಂಟೆ ಕೂತು ನೋಡು. ಬಿಲ್ ಹಿಡಿದು ಬಂದವರ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ. ಐದಾರು ವರ್ಷ ಹಳೆಯ ಕಾರು ತಂದವರನ್ನು ಮಾತಾಡಿಸಿದರೆ ಉಳಿದರ್ಧವೂ ತಿಳಿಯುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಆ ಕಾರಿನ ಹೆಡ್‌ಲೈಟ್, ಬಂಪರ್, ಮುಂದಿನ ಗಾಜಿನ ಬೆಲೆ ವಿಚಾರಿಸು. ಈಗಿನ ಎಲ್‌ಇಡಿ ಹೆಡ್‌ಲೈಟ್‌ನಲ್ಲಿ ಬಲ್ಬ್ ಮಾತ್ರ ಬದಲಿಸಲು ಆಗುವುದಿಲ್ಲ, ಬಹುಪಾಲು ಇಡೀ ಡೂಮನ್ನೇ ಹಾಕಬೇಕು. ಮತ್ತೊಂದು ಮಾತು: ಹೊಚ್ಚಹೊಸ ಮಾದರಿ ರಸ್ತೆಗಿಳಿದ ಮೊದಲ ವರ್ಷ ದೂರ ಇರು. ಸಣ್ಣಪುಟ್ಟ ದೋಷಗಳನ್ನು ಕಂಪನಿ ಆ ವರ್ಷದಲ್ಲೇ ಕಂಡುಕೊಂಡು ಸರಿಪಡಿಸುವುದು.

ಟಾಪ್ ಎಂಡ್ ಬೇಕೇ ಎಂದು ಕೇಳಿದರೆ, ಮಧ್ಯದ ವೇರಿಯಂಟ್ ಸಾಕು ಎನ್ನುತ್ತೇನೆ. ಸನ್‌ರೂಫ್ ಮಕ್ಕಳಿಗೆ ಇಷ್ಟ, ನಿಜ. ಅದರ ನಾಲ್ಕು ಮೂಲೆಯಲ್ಲಿ ನೀರು ಹರಿದುಹೋಗಲು ಸಣ್ಣ ಕೊಳವೆಗಳಿವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ನೀರು ಒಳಗಿಳಿದು ವೈರಿಂಗ್ ತಲುಪುತ್ತದೆ. 18 ಇಂಚಿನ ಚಕ್ರ ನೋಡಲು ಚೆಂದ, ಟೈರ್ ದುಬಾರಿ, ಗುಂಡಿಗೆ ಬಿದ್ದರೆ ರಿಮ್ ಬೇಗ ಸೊಟ್ಟಗಾಗುತ್ತದೆ. 16 ಅಥವಾ 17 ಇಂಚು ನಮ್ಮ ರಸ್ತೆಗೆ ಸರಿ. ಎಸಿಗೆ ತಿರುಗಿಸುವ ಗುಂಡಿ ಇರುವ ಕಾರನ್ನೇ ನೋಡು. ಎಲ್ಲವೂ ಪರದೆಯೊಳಗೇ ಇದ್ದರೆ ಪರದೆ ಕೆಟ್ಟ ದಿನ ಎಲ್ಲವೂ ಕೆಟ್ಟಂತೆ.

ಸುರಕ್ಷತೆಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡ. ಆರು ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಸಿ, ಹಿಂದೆ ಕೂರುವ ಮೂವರಿಗೂ ಪೂರ್ತಿ ಸೀಟ್‌ಬೆಲ್ಟ್ ಇರಲೇಬೇಕು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಇಲ್ಲಿಯೇ ಕಾರುಗಳನ್ನು ಗುದ್ದಿಸಿ ಪರೀಕ್ಷಿಸಿ ನಕ್ಷತ್ರ ಕೊಡುತ್ತಿದೆ. ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ನೋಡು. ಟೆಸ್ಟ್ ಡ್ರೈವ್‌ಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗು. ಹತ್ತು ವರ್ಷದ ನಂತರ ಅವರ ಮಂಡಿಗೆ ಎಷ್ಟು ಎತ್ತರದ ಸೀಟು ಹಿತ ಎಂದು ಯೋಚಿಸಬೇಕಾದವಳು ನೀನೇ.

ಬುಕ್ ಮಾಡಿದ ಮೇಲೆ ನೋಂದಣಿಗೆ ಮುಂಚೆಯೇ, ಹಗಲು ಬೆಳಕಿನಲ್ಲಿ, ನಿನಗೆ ಕೊಡುವ ಕಾರನ್ನೇ ಪರೀಕ್ಷಿಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 3224 ಎಂದಿದ್ದರೆ 2024ನೇ ಇಸವಿಯ 32ನೇ ವಾರ ತಯಾರಾದ ಟೈರು. ನಾಲ್ಕು ಟೈರಿನ ಜೊತೆ ಸ್ಟೆಪ್ನಿಯದನ್ನೂ ಓದು. ಕಾರು ತಯಾರಾದ ತಿಂಗಳಿಗೂ ಇವಕ್ಕೂ ತಾಳೆಯಾಗದಿದ್ದರೆ ಕಾರಣ ಕೇಳು. ಆರ್‌ಸಿ ಆದ ಮೇಲೆ ನಿನ್ನ ಮಾತಿಗೆ ಬಲವಿರುವುದಿಲ್ಲ.

ಇಷ್ಟೆಲ್ಲ ಅಳೆದು ತಂದ ಕಾರು ಬಾಳಿಕೆ ಬರುವುದು ಕೊನೆಗೆ ನಿನ್ನ ಕೈಯಲ್ಲಿದೆ. ಕಿಲೋಮೀಟರ್ ಆಗಿಲ್ಲ ಎಂದು ಸರ್ವಿಸ್ ಮುಂದೂಡಬೇಡ. ಕಾರು ನಿಂತಿದ್ದರೂ ಆಯಿಲ್ ಹಳೆಯದಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಶಿರಾಡಿ ಘಾಟಿಯಲ್ಲಿ ದೋಣಿಗಾಲ್‌ನಿಂದ ಗುಂಡ್ಯಕ್ಕೆ ಇಳಿಯುವಾಗ ಕಾಲಿನ ಕೆಳಗೆ ಬ್ರೇಕ್ ಗಟ್ಟಿಯಾಗಿರುತ್ತದೆ. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡ, ಚಿಕ್ಕ ಗೇರಿನಲ್ಲಿ ಎಂಜಿನ್ನೇ ತಡೆಯಲಿ. ಮಂಗಳೂರು, ಕಾರವಾರದ ಕಡೆ ಸಮುದ್ರದ ಬಳಿ ನಿಲ್ಲಿಸಿ ಬಂದರೆ ಕಾರಿನ ಅಡಿಭಾಗವನ್ನು ನೀರಲ್ಲಿ ಚೆನ್ನಾಗಿ ತೊಳೆಸು, ಉಪ್ಪು ಕೂತರೆ ತುಕ್ಕು. ಬೇಸ್‌ಮೆಂಟಿನ ಇಲಿಗಳು ವೈರು ಕಡಿಯುತ್ತವೆ. ಬಾನೆಟ್ ಎತ್ತಿ ವಾರಕ್ಕೊಮ್ಮೆ ನೋಡುವ ಅಭ್ಯಾಸವಿರಲಿ. ಮಳೆನೀರು ನಿಂತ ಅಂಡರ್‌ಪಾಸ್‌ಗೆ ಇಳಿಯಬೇಡ. ಎಲ್ಲಾದರೂ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಬೇಡ. ಒಳಗೆ ನೀರು ಹೋಗಿದ್ದರೆ ಆ ಒಂದು ತಿರುವಿಗೇ ಎಂಜಿನ್ ಹಾಳು. ಇಳಿದು ಸುರಕ್ಷಿತ ಜಾಗಕ್ಕೆ ಹೋಗು, ಕಾರನ್ನು ಆಮೇಲೆ ಎಳೆಸಿಕೊಂಡು ಬಂದರಾಯಿತು. ವಿಮೆ ಮಾಡಿಸುವಾಗ ಎಂಜಿನ್ ರಕ್ಷಣೆಯನ್ನೂ ಸೇರಿಸು. ಎಕ್ಸ್‌ಟೆಂಡೆಡ್ ವಾರಂಟಿ ಎಷ್ಟು ವರ್ಷಕ್ಕೆ ಸಿಗುತ್ತದೋ ಅಷ್ಟಕ್ಕೂ ತೆಗೆದುಕೋ. ಪ್ರತಿ ಬಿಲ್ಲನ್ನೂ ಒಂದು ಫೈಲಿನಲ್ಲಿಡು.

ಇನ್ನು ನನ್ನ ತೀರ್ಮಾನ. ನಿನ್ನ ಓಡಾಟಕ್ಕೆ ಹೋಂಡಾ ಎಲಿವೇಟ್ ಅಥವಾ ಹ್ಯುಂಡೈ ಕ್ರೆಟಾ, ಎರಡರಲ್ಲೂ ಟರ್ಬೊ ಇಲ್ಲದ 1.5 ಪೆಟ್ರೋಲ್, ಸಿವಿಟಿ ಬಗೆಯ ಗೇರ್‌ಬಾಕ್ಸ್, ಮಧ್ಯದ ವೇರಿಯಂಟ್. ಎಲಿವೇಟ್ ಬಂದದ್ದು 2023ರಲ್ಲಾದರೂ ಅದರ ಎಂಜಿನ್ ಅದಕ್ಕೂ ಮುಂಚೆ ಹೋಂಡಾ ಸಿಟಿ ಕಾರಿನಲ್ಲಿ ಓಡಿ ಪಳಗಿದ್ದು, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ನಮ್ಮ ತೋಟದ ದಾರಿಗೆ ಸಾಕು. ದಿನದ ಓಡಾಟವೆಲ್ಲ ಟ್ರಾಫಿಕ್ಕೇ ಆಗಿ, ಡಿಕ್ಕಿ ಚಿಕ್ಕದಾದರೂ ನಡೆಯುತ್ತದೆ ಎನ್ನುವುದಾದರೆ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್. ಹೆದ್ದಾರಿಯೇ ಮನೆ ಎನ್ನುವ ನಿನ್ನ ಗೆಳೆಯರಿಗೆ ಡೀಸೆಲ್, ಟಾರ್ಕ್ ಕನ್ವರ್ಟರ್ ಜೊತೆ. ಈ ಪೈಕಿ ನಿನ್ನ ಮನೆಗೂ ನಮ್ಮ ಊರಿಗೂ ಹತ್ತಿರ ಒಳ್ಳೆಯ ಸರ್ವಿಸ್ ಯಾವುದಕ್ಕಿದೆಯೋ ಅದನ್ನೇ ಕಣ್ಣುಮುಚ್ಚಿ ತೆಗೆದುಕೋ.

ಹಬ್ಬದ ಆಫರ್ ನಾಳೆಗೆ ಮುಗಿಯುತ್ತದೆ ಎಂದು ಯಾರು ಎಷ್ಟೇ ಅವಸರ ಮಾಡಿದರೂ ಬಗ್ಗಬೇಡ. ಹದಿನೈದು ವರ್ಷ ಜೊತೆಗಿರುವ ವಸ್ತುವಿಗೆ ಹದಿನೈದು ದಿನ ಓಡಾಡಿ ವಿಚಾರಿಸುವುದು ಹೆಚ್ಚಲ್ಲ. ವಿಚಾರಿಸಿ ತಗೋ, ಸರಿಯಾಗಿ ನೋಡಿಕೋ.

ಇಂತಿ ನಿನ್ನ
ದೊಡ್ಡಪ್ಪ