ಚೀಲ ಹೊರದೆ ಸಾಗಿಸುವ ಕೈಗಾಡಿ: ಮೂರು ಸಲ ಮಾಡಿ ಕಲಿತ ಪಾಠ

ನಮ್ಮದು ದಂಡಿನಶಿವರ ಹೋಬಳಿ. ಎರಡೂವರೆ ಎಕರೆ ಖುಷ್ಕಿ ಹೊಲ, ಬದುವಿನಲ್ಲೂ ಕಟ್ಟೆ ಕೆಳಗೂ ಸೇರಿ 48 ತೆಂಗಿನ ಮರ. ಹೊಲದಲ್ಲಿ ರಾಗಿ, ಅಕ್ಕಡಿಗೆ ಅವರೆ, ಹಿಂಗಾರಿಗೆ ಹುರುಳಿ. ಓದಿದ್ದು ಏಳನೇ ಕ್ಲಾಸು. ಬರವಣಿಗೆ ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾಲ್ಕು ವರ್ಷದ ಹಿಂದೆ ರಾಗಿ ಚೀಲ ಹೊತ್ತು ಕಣದಿಂದ ಮನೆಗೆ ಬರುವಾಗ ಸೊಂಟ ಹಿಡಿಯಿತು. ಹದಿನೆಂಟು ದಿನ ಮಲಗಿದೆ. ಡಾಕ್ಟರು, "ಇನ್ನು ಮೇಲೆ ಹೊರೆ ಹೊರಬೇಡಿ" ಅಂದರು. ಹೇಳೋದು ಸುಲಭ. ಎತ್ತು ಮಾರಿ ಆರು ವರ್ಷ ಆಗಿತ್ತು. ಮಗ ಬೆಂಗಳೂರಿನಲ್ಲಿ. ಕೂಲಿಯವರು ಕಾಯಿ ಕೀಳಲು ಬಂದರೆ ಅದೇ ಪುಣ್ಯ, ಹೊರಲು ಬರುವುದಿಲ್ಲ. ನನ್ನಾಕೆ, "ತೋಟ ಗುತ್ತಿಗೆಗೆ ಕೊಟ್ಟುಬಿಡೋಣ ಕಣ್ರೀ, ನೀವು ನೆಟ್ಟಗಿದ್ರೆ ಸಾಕು" ಅಂದಳು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ವರ್ಷಕ್ಕೆ ಸುಮಾರು 3,500 ಕಾಯಿ. ಮಟ್ಟೆ ಸಮೇತ ಬಲಿತ ಕಾಯಿ ಹೆಚ್ಚುಕಡಿಮೆ ಒಂದು ಕಿಲೋ. ತೋಟದಿಂದ ಮನೆಗೆ ಮೂರೂವರೆ ಟನ್. ಉಂಡೆ ಕೊಬ್ಬರಿಗಾಗಿ ಅಟ್ಟಕ್ಕೆ ಹತ್ತಿಸುವುದು ಇನ್ನೊಂದು ಮೂರೂವರೆ ಟನ್. ಹತ್ತು ಹನ್ನೆರಡು ತಿಂಗಳು ಒಣಗಿ ಹಗುರಾದ ಮೇಲೆ ಇಳಿಸುವುದು ಬೇರೆ. ಒಟ್ಟು ಒಂಬತ್ತು ಟನ್ ಹತ್ತಿರ. ರಾಗಿ, ಗೊಬ್ಬರ ಇದರಲ್ಲಿ ಸೇರಿಲ್ಲ. ಇಷ್ಟೂ ಇಬ್ಬರ ತಲೆ ಸಿಂಬೆಯ ಮೇಲೆ ಹೋಗುತ್ತಿತ್ತು! ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ, ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಬೇಗ ಆ ಮಟ್ಟಕ್ಕೆ ಇಳಿಸಬೇಕು ಎಂದು ಶಿಫಾರಸು ಮಾಡಿದೆ. ನಾವು ಕ್ವಿಂಟಾಲ್ ಚೀಲಕ್ಕೆ ಹೆಗಲು ಕೊಟ್ಟು ಬೆಳೆದವರು.

ಮೊದಲ ಗಾಡಿ: ಮಂಡಿ ನೋಡಿ ಮಾಡಿಸಿದ್ದು

ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗ ಗೋಡೌನಿನಲ್ಲಿ ಹಮಾಲರ ಕೈಗಾಡಿ ನೋಡಿದ್ದೆ. ನಿಂತ ಏಣಿಯಂಥ ಚೌಕಟ್ಟು, ಕೆಳಗೆ ಮುಂದಕ್ಕೆ ಚಾಚಿದ ಕಬ್ಬಿಣದ ನಾಲಿಗೆ, ಎರಡು ಪುಟ್ಟ ಚಕ್ರ. ಚೀಲದ ಬುಡಕ್ಕೆ ನಾಲಿಗೆ ನುಗ್ಗಿಸಿ ಹಿಂದಕ್ಕೆ ವಾಲಿಸಿದರೆ ಭಾರವೆಲ್ಲ ಚಕ್ರದ ಮೇಲೆ. ಅದೇ ಅಳತೆಯಲ್ಲಿ ಮಾಡಿಸಿದೆ, 6 ಇಂಚಿನ ಗಟ್ಟಿ ರಬ್ಬರ್ ಚಕ್ರ.

ಅಂಗಳದಲ್ಲಿ ಚೆನ್ನಾಗೇ ಓಡಿತು. ತೋಟಕ್ಕೆ ಇಳಿಸಿದೆನೋ ಇಲ್ಲವೋ, ಉತ್ತ ಮಣ್ಣಿನಲ್ಲಿ ಹೂತುಕೊಂಡಿತು. ಸಣ್ಣ ಕಲ್ಲು ಸಿಕ್ಕಿದರೂ ಗಕ್ಕನೆ ನಿಲ್ಲುತ್ತಿತ್ತು. ಜಗ್ಗಿದ್ದಕ್ಕೆ ಪಕ್ಕಕ್ಕೆ ಮಗುಚಿ ನನ್ನ ಕಾಲ ಹೆಬ್ಬೆರಳ ಉಗುರು ಹೋಯಿತು.

ತಂಗಿ ಮಗ ಡಿಪ್ಲೊಮಾ ಓದಿದವನು, ಪೀಣ್ಯದ ಫ್ಯಾಕ್ಟರಿಯಲ್ಲಿದ್ದಾನೆ. ಹಬ್ಬಕ್ಕೆ ಬಂದವನು ಗಾಡಿ ನೋಡಿ ನಕ್ಕ. "ಮಾವ, ಇದು ಸಿಮೆಂಟ್ ನೆಲದ ಗಾಡಿ. ನಿಮ್ಮದು ಹೊಲ" ಅಂದು ಒಂದು ಲೆಕ್ಕ ಬರೆದುಕೊಟ್ಟ. ಅದೇ ಈ ಲೇಖನದ ಮುಖ್ಯ ಪಾಠ.

50 ಕಿಲೋ ಭಾರದ ಗಾಡಿಯ ಚಕ್ರಕ್ಕೆ ಒಂದು ಇಂಚು ಎತ್ತರದ ಕಲ್ಲು ಅಡ್ಡ ಬಂತು ಎನ್ನಿ. ನಿಂತಲ್ಲಿಂದ ಅದನ್ನು ಹತ್ತಿಸಲು ನೇರ ಎಷ್ಟು ಎಳೆಯಬೇಕು?

6 ಇಂಚಿನ ಚಕ್ರಕ್ಕೆ: ಸುಮಾರು 56 ಕಿಲೋ ಬಲ.
21 ಇಂಚಿನ ಚಕ್ರಕ್ಕೆ: ಸುಮಾರು 24 ಕಿಲೋ.
26 ಇಂಚಿನ ಚಕ್ರಕ್ಕೆ: ಸುಮಾರು 21 ಕಿಲೋ.

ಅಂದರೆ ಪುಟ್ಟ ಚಕ್ರದ ಗಾಡಿ ಎಳೆಯುವುದಕ್ಕಿಂತ ಚೀಲ ಎತ್ತುವುದೇ ಮೇಲು! ನಮ್ಮ ಹಿರಿಯರ ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಯಾಕಿತ್ತು ಎಂದು ಆಗ ಗೊತ್ತಾಯಿತು. 6ರಿಂದ 21 ಇಂಚಿಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಬಲ ಉಳಿಯುತ್ತದೆ. 21ರಿಂದ 26ಕ್ಕೆ ಹೋದರೆ ಸಿಗುವ ಲಾಭ ಸ್ವಲ್ಪವೇ. ಈ ಮಾತು ನೆನಪಿಡಿ.

ಎರಡನೇ ಗಾಡಿ: ಸೈಕಲ್ ಚಕ್ರದ್ದು

ನಾನು ಲೆಕ್ಕದ ಕೊನೆ ಸಾಲು ಮರೆತು ದೊಡ್ಡದೇ ಇರಲಿ ಎಂದು ಹಳೇ ಸೈಕಲ್ಲಿನ 26 ಇಂಚಿನ ಚಕ್ರ ಹಾಕಿಸಿದೆ. ಹೂವಿನಂತೆ ಓಡಿತು, ಮೂರೇ ವಾರ. ಸೈಕಲ್ಲಿನಲ್ಲಿ ಚಕ್ರದ ಅಚ್ಚನ್ನು ಎರಡೂ ಕಡೆಯಿಂದ ಫೋರ್ಕು ಹಿಡಿದಿರುತ್ತದೆ. ನಾನು ಮಾಡಿಸಿದ್ದರಲ್ಲಿ ಒಳಗಡೆ ಮಾತ್ರ ಆಧಾರ. ಅಚ್ಚು ಬಾಗಿ ಚಕ್ರ ಕೆಳಗೆ ಹೊರಗಾಯಿತು. ಬದು ಇಳಿಸುವಾಗ ಅಡ್ಡ ಭಾರ ಬಿದ್ದು ರಿಮ್ಮು ಎಂಟರ ಅಂಕಿಯಂತೆ ತಿರುಚಿತು. ಬೆಸುಗೆಯವನ ತಪ್ಪಲ್ಲ, ಹೇಳಿ ಮಾಡಿಸಿದವನು ನಾನೇ.

ಮೂರನೆಯದು: ಈಗ ಓಡುತ್ತಿರುವುದು

ಗುಜರಿಯಲ್ಲಿ ಮೊಪೆಡ್ಡಿನ ಎರಡು ಮುಂಚಕ್ರ ತಂದೆ. ರಿಮ್ಮು 16 ಇಂಚು, ಟೈರು ಸೇರಿ ಹೊರ ಅಳತೆ 21 ಇಂಚು. ದಪ್ಪ ಕಡ್ಡಿ, ಒಳಗೆ ಬೇರಿಂಗು, ಅಗಲ ಟೈರು. ಗಾಳಿ ಪೂರ್ತಿ ಬಿಗಿ ತುಂಬುವುದಿಲ್ಲ, ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟು. ಆಗ ಟೈರು ಮಣ್ಣಿನ ಮೇಲೆ ಹರಡಿ ಕೂರುತ್ತದೆ, ಹೂಳುವುದಿಲ್ಲ.

ಅಳತೆ ಹೀಗಿದೆ. ಚೌಕಟ್ಟಿನ ಎತ್ತರ 50 ಇಂಚು, ಅಗಲ 18 ಇಂಚು, ಒಂದೂಕಾಲು ಇಂಚಿನ ಕಬ್ಬಿಣದ ಪೈಪು. ನಾಲಿಗೆ 10 ಇಂಚು ಮುಂದಕ್ಕೆ, ದಪ್ಪ ತಗಡು. ಚಕ್ರಗಳು ಚೌಕಟ್ಟಿನ ಹೊರಗಡೆ, ಪ್ರತಿ ಚಕ್ರದ ಆಚೆಗೂ ಒಂದು ಪಟ್ಟಿ ಕೊಟ್ಟು ಅಚ್ಚನ್ನು ಎರಡೂ ಕಡೆ ಹಿಡಿಸಿದೆ. ಎಲ್ಲ ಸೇರಿ ಅಗಲ 30 ಇಂಚು, ಮನೆ ಬಾಗಿಲಲ್ಲಿ ತೂರುತ್ತದೆ.

ಅಚ್ಚು ಎಲ್ಲಿರಬೇಕು ಅನ್ನುವುದು ಮುಖ್ಯ. ಮಂಡಿ ಗಾಡಿಯಲ್ಲಿ ಅಚ್ಚು ಚೌಕಟ್ಟಿನ ಹಿಂದಿರುತ್ತದೆ. ದೊಡ್ಡ ಚಕ್ರಕ್ಕೂ ಹಾಗೇ ಮಾಡಿದರೆ ಗಾಡಿಯನ್ನು ತೀರಾ ಮಲಗಿಸಬೇಕಾಗುತ್ತದೆ. ಆದ್ದರಿಂದ ಅಚ್ಚನ್ನು ಚೌಕಟ್ಟಿನ ಸಮಕ್ಕೇ ಇಟ್ಟೆ. ಅರ್ಧ ವಾಲಿಸಿದಾಗ ಭಾರದ ನಡು ಅಚ್ಚಿನ ನೇರಕ್ಕೆ ಬರುತ್ತದೆ, ಹಿಡಿ ನನ್ನ ಸೊಂಟದ ಮಟ್ಟಕ್ಕೆ, ನೆಲದಿಂದ ಮೂರಡಿಗೆ ನಿಲ್ಲುತ್ತದೆ. ಬಗ್ಗುವ ಹಾಗಿಲ್ಲ.

ಎತ್ತಿನ ಗಾಡಿ ಹೇರಿದವರಿಗೆ ಇದು ಹೊಸದಲ್ಲ. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಕೊರಳಿಗೆ ಬೀಳುತ್ತದೆ. ಇಲ್ಲಿ ಎತ್ತು ನಾವೇ. 60 ಕಿಲೋ ಭಾರದ ನಡು ಅಚ್ಚಿನಿಂದ ನನ್ನ ಕಡೆಗೆ 4 ಇಂಚು, ನನ್ನ ಕೈ ಅಚ್ಚಿನಿಂದ 30 ಇಂಚು ದೂರ. 60ನ್ನು 4ರಿಂದ ಗುಣಿಸಿ 30ರಿಂದ ಭಾಗಿಸಿ. ಕೈಗೆ ಬೀಳುವುದು 8 ಕಿಲೋ. ಗಾರೆ ಕೆಲಸದ ಒಂಟಿ ಚಕ್ರದ ಗಾಡಿಯಲ್ಲಿ ಭಾರ ಚಕ್ರಕ್ಕೂ ಕೈಗೂ ನಡುವೆ ಇರುತ್ತದೆ. ಚಕ್ರದಿಂದ ಭಾರ 20 ಇಂಚು, ಕೈ 60 ಇಂಚು ಇದ್ದರೆ ಅದೇ 60 ಕಿಲೋದಲ್ಲಿ 20 ಕಿಲೋ ಕೈ ಮೇಲೆ. ಚೀನಾದ ಹಳೇ ಒಂಟಿ ಚಕ್ರದ ಗಾಡಿಗಳಲ್ಲಿ ದೊಡ್ಡ ಚಕ್ರವನ್ನು ನಡುವೆಯೇ ಇಟ್ಟು ಎರಡೂ ಪಕ್ಕ ಹೇರುತ್ತಿದ್ದರಂತೆ. ಬುದ್ಧಿ ಒಂದೇ.

ಉತ್ತ ಹೊಲದಲ್ಲಿ ತಳ್ಳಬೇಡಿ, ಬೆನ್ನ ಹಿಂದೆ ಬಿಟ್ಟುಕೊಂಡು ಎಳೆಯಿರಿ. ತಳ್ಳಿದರೆ ಚಕ್ರ ಮಣ್ಣಿಗೆ ಒತ್ತುತ್ತದೆ, ಎಳೆದರೆ ಕಲ್ಲು ಹತ್ತುತ್ತದೆ. ಇಳಿಜಾರಿನಲ್ಲಿ ಮಾತ್ರ ಗಾಡಿ ನಿಮ್ಮ ಮುಂದಿರಲಿ. ಹಿಂದಿದ್ದರೆ ಹಿಮ್ಮಡಿಗೆ ಬರುತ್ತದೆ.

ಫ್ಯಾಕ್ಟರಿಯಿಂದ ಕಲಿತದ್ದು

ತಂಗಿ ಮಗನ ಜೊತೆ ಒಮ್ಮೆ ಫ್ಯಾಕ್ಟರಿಗೆ ಹೋಗಿ ಪ್ಯಾಲೆಟ್ ಜಾಕ್ ನೋಡಿದೆ. ಸರಕೆಲ್ಲ ಮರದ ಹಲಗೆ ಅಟ್ಟಣೆಯ ಮೇಲಿರುತ್ತದೆ. ಜಾಕಿನ ಎರಡು ಚಪ್ಪಟೆ ತೋಳು ಅದರ ಅಡಿಗೆ ನುಗ್ಗುತ್ತವೆ. ಹಿಡಿಯನ್ನು ಪಂಪಿನಂತೆ ಹೊಡೆದರೆ ಸಣ್ಣ ಕೊಳವೆಯ ಎಣ್ಣೆ ದೊಡ್ಡ ಕೊಳವೆಗೆ ಹೋಗಿ ಅಟ್ಟಣೆ ನಾಲ್ಕೈದು ಇಂಚು ಏಳುತ್ತದೆ. ದೊಡ್ಡ ಕೊಳವೆಯ ಬಾಯಿ ಹತ್ತು ಪಟ್ಟು ಹಿರಿದಾದರೆ ಬಲವೂ ಹತ್ತು ಪಟ್ಟು, ಆದರೆ ಹತ್ತು ಪಟ್ಟು ಹೊಡೆಯಬೇಕು. ಲಾರಿ ಜಾಕಿನದೂ ಇದೇ ತತ್ವ. ಎರಡು ಟನ್ ಭಾರವನ್ನು ಒಬ್ಬ ಹುಡುಗ ಎಳೆದುಕೊಂಡು ಹೋದ. ಆದರೆ ಅದರ ಉರುಳೆ ನನ್ನ ಮುಷ್ಟಿಯಷ್ಟೇ. ನುಣ್ಣನೆ ನೆಲ ಬಿಟ್ಟು ಅಲುಗದು. ನಮಗೆ ಬೇಡ.

ಬೇಕಾದ್ದು ಅದರ ಹಿಂದಿನ ಯೋಚನೆ. ಸರಕು ಎಂದೂ ಬರಿ ನೆಲದ ಮೇಲಿಲ್ಲ, ಹಾಗಾಗಿ ಅದನ್ನು ಯಾರೂ ಬಗ್ಗಿ ಎತ್ತಬೇಕಾಗಿಲ್ಲ. ನಾನೀಗ ಮನೆಯಲ್ಲಿ ರಾಗಿ ಚೀಲಗಳನ್ನು ಎರಡೆರಡು ರೀಪರಿನ ಮೇಲೆ ನಿಲ್ಲಿಸುತ್ತೇನೆ. ಗಾಡಿ ನಾಲಿಗೆ ನೇರ ಅಡಿಗೆ ಹೋಗುತ್ತದೆ. ಚೀಲಕ್ಕೆ ತೇವವೂ ತಾಗುವುದಿಲ್ಲ. ತೋಟದಲ್ಲಿ ಖಾಲಿ ಚೀಲವನ್ನು ಗಾಡಿ ನಾಲಿಗೆಯ ಮೇಲೇ ನಿಲ್ಲಿಸಿ ಕಾಯಿ ತುಂಬುತ್ತೇವೆ. ತುಂಬಿದ ಚೀಲ ಎತ್ತುವ ಪ್ರಶ್ನೆಯೇ ಬರುವುದಿಲ್ಲ.

ಅಟ್ಟಕ್ಕೆ ಹತ್ತಿಸುವುದು

ಬೆಂಗಳೂರಿನಲ್ಲಿ ಮೆಟ್ಟಿಲು ಹತ್ತುವ ಕೈಗಾಡಿಯೂ ಉಂಟು. ಒಂದೊಂದು ಕಡೆಗೆ ಮೂರು ಮೂರು ಚಕ್ರ, ಹೂವಿನ ದಳದಂತೆ. ಒಂದು ಚಕ್ರ ಮೆಟ್ಟಿಲಿಗೆ ತಡೆದರೆ ಹೂವೇ ಉರುಳಿ ಮುಂದಿನ ಚಕ್ರ ಮೇಲಿನ ಮೆಟ್ಟಿಲಿಗೆ ಬೀಳುತ್ತದೆ. ನಮ್ಮ ಅಟ್ಟಕ್ಕೆ ಇರುವುದು ಏಣಿ, ಅದು ನಡೆಯದು. ಅಲ್ಲಿಗೆ ಬಾವಿ ರಾಟೆಯೇ ಸರಿ. ಆದರೆ ಒಂದೇ ರಾಟೆ ತೊಲೆಗೆ ಕಟ್ಟಿದರೆ ಭಾರ ಕಮ್ಮಿಯಾಗುವುದಿಲ್ಲ, ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತೀರಿ ಅಷ್ಟೇ. ಹಗ್ಗದ ಒಂದು ತುದಿ ತೊಲೆಗೆ ಕಟ್ಟಿ, ಚೀಲದ ಕೊಕ್ಕೆಗೆ ಇನ್ನೊಂದು ರಾಟೆ ಹಾಕಿ, ಹಗ್ಗವನ್ನು ಅದರಡಿ ತೂರಿಸಿ ಮೇಲಿನ ರಾಟೆಗೆ ತನ್ನಿ. 40 ಕಿಲೋ ಚೀಲಕ್ಕೆ 20 ಕಿಲೋ ಎಳೆತ, ಜೊತೆಗೆ ಸ್ವಲ್ಪ ಉಜ್ಜಾಟ. ಒಂಬತ್ತು ಅಡಿ ಎತ್ತರಕ್ಕೆ ಹದಿನೆಂಟು ಅಡಿ ಹಗ್ಗ ಎಳೆಯಬೇಕು. ತೊಲೆ ಗಟ್ಟಿಯಿದೆಯೇ ನೋಡಿ, ಚೀಲದ ಕೆಳಗೆ ಯಾರೂ ನಿಲ್ಲಬಾರದು.

ಖರ್ಚು

ಮೂರನೇ ಗಾಡಿಗೆ ಚಕ್ರ, ಪೈಪು, ಬೆಸುಗೆ ಸೇರಿ 4,800 ರೂಪಾಯಿ ಬಿತ್ತು. ಮೊದಲ ಎರಡರಲ್ಲಿ ಕಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ನೀವು ಅದನ್ನು ಉಳಿಸಿಕೊಳ್ಳಲಿ ಎಂದೇ ಇಷ್ಟು ಬರೆದೆ.

ಕೊರತೆಯೂ ಇದೆ. ಮಳೆ ಬಿದ್ದ ಮಾರನೆ ದಿನ ಹೊಲಕ್ಕೆ ಇಳಿಸಲಾಗದು. ಒಂದೂವರೆ ಅಡಿ ಬದು ದಾಟಲು ಓರೆಯಾಗಿ ಮಣ್ಣು ಕೊಡಬೇಕಾಯಿತು. ಒಮ್ಮೆಗೆ 60 ಕಿಲೋ ಮೇಲೆ ನಾನು ಹೇರುವುದಿಲ್ಲ, ಹೇರಿದರೆ ನಾನೇ ಎತ್ತಾಗುತ್ತೇನೆ.

ಈ ಸಲದ ಕಾಯಿಯೆಲ್ಲ ಅಟ್ಟ ಸೇರಿದೆ. ಅರ್ಧಕ್ಕರ್ಧ ಎಳೆದವಳು ನನ್ನಾಕೆಯೇ. ಗುತ್ತಿಗೆಯ ಮಾತು ಅವಳು ಮತ್ತೆ ಎತ್ತಿಲ್ಲ. "ಹಿಡಿಗೆ ಟ್ಯೂಬು ಸುತ್ತಿ, ಅಂಗೈ ನೋಯುತ್ತೆ" ಅಂದಳು, ಸುತ್ತಿದ್ದೇನೆ. ಇದಕ್ಕಿಂತ ಹಗುರವಾಗಿ ಮಾಡಿದವರಿದ್ದರೆ ಪತ್ರಿಕೆಗೆ ಬರೆಯಿರಿ. ನಾಲ್ಕನೇ ಗಾಡಿ ಮಾಡಿಸಲು ನಾನು ತಯಾರು.